ಮೂರು ಇಂಚಿನ ಮರದ ತುಂಡು

ನಮ್ಮೂರು ಹೇಜಲ್‌ಬೆಂಡ್‌ನ ಹೈಸ್ಕೂಲು ಮೈದಾನಕ್ಕೆ ಈಗ ಬರ್ನಾರ್ಡ್ ಮಟುಸ್ಕಾ ಅವರ ಹೆಸರು. ಗೇಟಿನಲ್ಲಿ ಕಂಚಿನ ಫಲಕ ಹಾಕಿದ್ದಾರೆ. ಮೂವತ್ತನಾಲ್ಕು ವರ್ಷ ಫುಟ್‌ಬಾಲ್ ಕೋಚ್ ಆಗಿದ್ದರು, ಇಷ್ಟು ಆಟ ಗೆದ್ದರು, ಇಷ್ಟೇ ಇಷ್ಟು ಸೋತರು, ಇಷ್ಟು ಹುಡುಗರನ್ನು ಮನುಷ್ಯರನ್ನಾಗಿ ಮಾಡಿದರು ಎಂದು ಅದರಲ್ಲಿ ಬರೆದಿದೆ. ಚೆಟ್ ಗುಲಾನ ಹೆಸರು ಅದರಲ್ಲಿಲ್ಲ. ಕೋಚ್ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ನಾನು ಬರೆಯುತ್ತಿರುವುದು ಚೆಟ್ ಬಗ್ಗೆ. ಆದರೆ ಕೋಚ್ ಹೆಸರೆತ್ತದೆ ಚೆಟ್‌ನ ಬದುಕನ್ನು ಹೇಳುವುದಕ್ಕೆ ಆಗುವುದೇ ಇಲ್ಲ. ನನ್ನ ಸಿಟ್ಟೂ ಅದೇ.

ನನ್ನ ಹೆಸರು ಲಿಯೋ ಪಾವ್ಲಿಕ್. ನದಿ ದಂಡೆಯ ಉಕ್ಕಿನ ಕಾರ್ಖಾನೆ ಮುಚ್ಚುವವರೆಗೂ ಅಲ್ಲಿ ದುಡಿದೆ. ಶನಿವಾರ ಮಧ್ಯಾಹ್ನ ಆಟವಿದ್ದರೆ ಸರಪಳಿ ಹಿಡಿಯುತ್ತಿದ್ದೆ. ನಮ್ಮ ಫುಟ್‌ಬಾಲಿನಲ್ಲಿ ಚೆಂಡನ್ನು ಒದೆಯುವುದಲ್ಲ, ಕೈಯಲ್ಲಿ ಹಿಡಿದು ನುಗ್ಗುವುದು; ನಾಲ್ಕು ಪ್ರಯತ್ನದೊಳಗೆ ಅದನ್ನು ಹತ್ತು ಗಜ ಮುಂದೆ ಒಯ್ಯಬೇಕು. ಒಯ್ದರೆ ಇನ್ನೂ ನಾಲ್ಕು ಪ್ರಯತ್ನ ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹೆಲ್ಮೆಟ್ಟು, ಬ್ಯಾಂಡು, ಕೂಗಾಟ ಎಲ್ಲ ತೆಗೆದು ಹಾಕಿದರೆ ಉಳಿಯುವುದು ಇಷ್ಟೇ. ಆ ಹತ್ತು ಗಜವನ್ನು ಅಳೆಯುವುದು ಸರಪಳಿ. ಎರಡು ತುದಿಗೆ ಎರಡು ಕೋಲು, ಕೋಲಿಗೊಬ್ಬ ಮನುಷ್ಯ. ಮೂರನೆಯವನ ಕೈಯಲ್ಲಿ ಒಂದು ಕ್ಲಿಪ್ಪು. ಆ ಮೂರನೆಯವನು ನಾನು.

ಕ್ಲಿಪ್ಪಿನ ಕೆಲಸ ಮಗುವೂ ಮಾಡುವಂಥದ್ದು. ಮೈದಾನಕ್ಕೆ ಅಡ್ಡಲಾಗಿ ಐದೈದು ಗಜಕ್ಕೆ ಸುಣ್ಣದ ಗೆರೆ ಎಳೆದಿರುತ್ತಾರೆ. ಬದಿಯಲ್ಲಿ ಹಾಸಿದ ಸರಪಳಿ ಗೆರೆಯನ್ನು ದಾಟುವ ಜಾಗಕ್ಕೆ ನಾನು ಕ್ಲಿಪ್ಪು ಸಿಕ್ಕಿಸಬೇಕು. ಹತ್ತು ಗಜ ಆಯಿತೋ ಇಲ್ಲವೋ ಎಂದು ಅನುಮಾನ ಬಂದರೆ ರೆಫರಿ ನಮ್ಮನ್ನು ಒಳಗೆ ಕರೆಯುತ್ತಾನೆ. ಆಗ ಕ್ಲಿಪ್ಪನ್ನು ಅದೇ ಗೆರೆಯ ಮೇಲೆ, ಅದೇ ಅಂಚಿಗೆ ಇಟ್ಟು ಮಂಡಿಯೂರಿ ಒತ್ತಿ ಹಿಡಿಯಬೇಕು. ಸರಪಳಿ ಎಳೆದು ಮುಂದಿನ ಕೋಲು ನೆಡುತ್ತಾರೆ. ಚೆಂಡಿನ ಮೂತಿ ಕೋಲನ್ನು ಮುಟ್ಟಿದರೆ ಆಯಿತು. ಗೆರೆ ನಾಲ್ಕು ಇಂಚು ಅಗಲ, ಅದಕ್ಕೆ ಹಿಂದೊಂದು ಅಂಚು, ಮುಂದೊಂದು ಅಂಚು. ಯಾವಾಗಲೂ ಹಿಂದಿನ ಅಂಚಿಗೇ ಇಡಬೇಕು. ಆದರೆ ಕಾಲು ಭಾಗದ ಆಟ ಮುಗಿದಾಗಲೆಲ್ಲ ತಂಡಗಳು ದಿಕ್ಕು ಬದಲಿಸುತ್ತವೆ, ಆಗ ಹಿಂದಿನದು ಮುಂದಾಗುತ್ತದೆ. ಕೈಗೆ ಹಳೆಯ ಅಭ್ಯಾಸ ಇರುತ್ತದೆ ನೋಡಿ, ಎಡವುವುದು ಅಲ್ಲೇ.

ಸಾವಿರದ ಒಂಬೈನೂರ ಅರವತ್ತೊಂದರ ನವೆಂಬರಿನಲ್ಲಿ ನಾನು ಅಲ್ಲೇ ಎಡವಿದೆ.

ಅದು ಪೋರ್ಟ್ ಎಲ್ಡರ್ ತಂಡದ ಮೇಲೆ ಫೈನಲ್. ಹಿಂದಿನ ರಾತ್ರಿಯಿಡೀ ಮಳೆ ಬಿದ್ದು ಮೈದಾನ ಕೆಸರಾಗಿತ್ತು. ನಮಗೆ ಹದಿಮೂರು ಅಂಕ, ಅವರಿಗೆ ಹದಿನಾಲ್ಕು. ಒಂದೂವರೆ ನಿಮಿಷ ಉಳಿದಿತ್ತು, ನಾಲ್ಕನೆಯ ಪ್ರಯತ್ನ, ಎರಡು ಗಜ ಬೇಕಿತ್ತು. ಚೆಂಡನ್ನು ಚೆಟ್ ಗುಲಾಗೆ ಕೊಡುತ್ತಾರೆಂದು ಊರಿನ ನಾಯಿಗೂ ಗೊತ್ತಿತ್ತು. ಚೆಟ್‌ಗೆ ಹದಿನೇಳು ವರ್ಷ, ಗಿಡ್ಡ, ಅಗಲವಾದ ಬೆನ್ನು, ಮಾತು ಕಡಿಮೆ. ಅವನಪ್ಪ ನನ್ನ ಜೊತೆ ಒಂದೇ ಪಾಳಿಯಲ್ಲಿದ್ದ. ಹುಡುಗ ತಲೆ ಬಗ್ಗಿಸಿ ನುಗ್ಗಿದ, ಐದಾರು ಜನ ಮೇಲೆ ಬಿದ್ದರು. ರಾಶಿ ಬಿಡಿಸಿ ನೋಡಿದರೆ ಚೆಂಡು ಅವನ ಹೊಟ್ಟೆಯ ಕೆಳಗಿತ್ತು. ರೆಫರಿ ನಮ್ಮನ್ನು ಕರೆದ.

ನಾನು ಓಡಿದೆ, ಮಂಡಿಯೂರಿದೆ, ಕ್ಲಿಪ್ಪು ಇಟ್ಟೆ. ಸರಪಳಿ ಬಿಗಿಯಾಯಿತು. ಚೆಂಡಿನ ಮೂತಿಗೂ ಕೋಲಿಗೂ ನಡುವೆ ಮೂರು ಇಂಚು ಬೆಳಕು ಕಾಣಿಸಿತು. ರೆಫರಿ ಎರಡು ಕೈ ಎತ್ತಿ ಎಷ್ಟು ಕಡಿಮೆ ಎಂದು ಜನರಿಗೆ ತೋರಿಸಿದ. ಚೆಂಡು ಪೋರ್ಟ್ ಎಲ್ಡರ್‌ನವರಿಗೆ ಹೋಯಿತು, ಆಟವೂ ಅವರಿಗೆ ಹೋಯಿತು.

ಜನ ಹೋದ ಮೇಲೆ ಸರಪಳಿ ಸುತ್ತುತ್ತಾ ಆ ಗೆರೆಯ ಹತ್ತಿರ ಬಂದೆ. ನನ್ನ ಮಂಡಿಯ ಗುರುತು ಕೆಸರಿನಲ್ಲಿ ಹಾಗೇ ಇತ್ತು. ಸುಣ್ಣದಲ್ಲಿ ಕ್ಲಿಪ್ಪು ಒತ್ತಿದ ಗುರುತೂ ಇತ್ತು. ಇದ್ದದ್ದು ಗೆರೆಯ ಮುಂದಿನ ಅಂಚಿನಲ್ಲಿ. ನಾನು ಇಡೀ ಸರಪಳಿಯನ್ನು ನಾಲ್ಕು ಇಂಚು ಮುಂದಕ್ಕೆ ಎಳೆದಿದ್ದೆ. ಹುಡುಗ ದಾಟಿದ್ದ.

ಮಾರನೆಯ ದಿನ ಚರ್ಚಿಗೂ ಹೋಗದೆ ಕೋಚ್ ಮನೆಗೆ ಹೋದೆ. ಅವರು ಎಂಥವರು ಎಂದು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನಾನು ಬಾಯಿ ಮುಚ್ಚಿಕೊಂಡದ್ದು ನಿಮಗೆ ಅರ್ಥವಾಗುವುದಿಲ್ಲ. ಆಗ ಅವರಿಗೆ ಮೂವತ್ತಾರು. ಶಾಲೆಯಲ್ಲಿ ಮರಗೆಲಸದ ಮೇಷ್ಟ್ರು. ಹಲಗೆಯನ್ನು ಎರಡೆರಡು ಸಲ ಅಳೆಯದೆ ಗರಗಸ ಮುಟ್ಟುತ್ತಿರಲಿಲ್ಲ. ಯಾವ ಹುಡುಗನ ಅಪ್ಪನಿಗೆ ಯಾವ ಪಾಳಿ, ಯಾರ ಮನೆಯಲ್ಲಿ ಕುಡಿತ, ಯಾರ ಅಮ್ಮ ಕಾಯಿಲೆ ಮಲಗಿದ್ದಾಳೆ ಎಲ್ಲ ಗೊತ್ತಿತ್ತು. ಮನೆಮನೆಯ ಅಡಿಗೆಮನೆಯಲ್ಲಿ ಕೂತು ಎಲೆಕೋಸಿನ ಹಲುಷ್ಕಿ ತಿಂದು, ತಾಯಂದಿರ ಹತ್ತಿರ ಮಗನ ದೂರು ಕೇಳಿ, ಸೋಮವಾರ ಆ ಹುಡುಗನನ್ನು ಗುಡ್ಡದ ಮೆಟ್ಟಿಲು ಹತ್ತಿಸುತ್ತಿದ್ದರು. ತಾವೂ ಜೊತೆಯಲ್ಲಿ ಹತ್ತುತ್ತಿದ್ದರು. ಸಿಟ್ಟು ಬಂದಷ್ಟೂ ದನಿ ಸಣ್ಣದಾಗುತ್ತಿತ್ತು. ನಲವತ್ತು ಹುಡುಗರು ಉಸಿರು ಹಿಡಿದು ಮುಂದಕ್ಕೆ ಬಾಗಿ ಕೇಳಬೇಕು, ಅಷ್ಟು ಸಣ್ಣ ದನಿ. ಅವರು ಬೆಂಕಿಗೆ ಹಾರು ಎಂದರೆ ಹಾರುವವರು ನಮ್ಮೂರಲ್ಲಿ ಬಹಳ ಮಂದಿ ಇದ್ದರು, ನಾನೂ ಒಬ್ಬ.

ಅಡಿಗೆಮನೆಯಲ್ಲಿ ಪ್ರೊಜೆಕ್ಟರ್ ಓಡುತ್ತಿತ್ತು. ಫ್ರಿಜ್ಜಿನ ಬಿಳಿ ಬಾಗಿಲಿನ ಮೇಲೆ ನಿನ್ನೆಯ ಆಟ ಬೀಳುತ್ತಿತ್ತು. ಅವರ ಹೆಂಡತಿ ಚರ್ಚಿಗೆ ಹೋಗಿದ್ದರು.

"ಬಾ ಲಿಯೋ. ಕಾಫಿ ಕುಡಿತೀಯಾ?"

"ಕೋಚ್, ನಾನೊಂದು ವಿಷಯ ಹೇಳ್ಬೇಕು."

"ಕೂತ್ಕೊ ಮೊದ್ಲು. ಹೇಳೋದೇನೂ ಬೇಡ, ನೋಡು."

ಮೈದಾನದ ಪ್ರೆಸ್ ಕೋಣೆಯ ಮಾಡಿನ ಮೇಲೆ ಕೂತು ಫಿಲ್ಮ್ ತೆಗೆಯುವ ಹುಡುಗ ಪ್ರಯತ್ನ ಮುಗಿದ ಕೂಡಲೇ ಕ್ಯಾಮೆರಾ ನಿಲ್ಲಿಸಬೇಕು. ಅವತ್ತು ಗಾಬರಿಯಲ್ಲಿ ನಿಲ್ಲಿಸಿರಲಿಲ್ಲ. ಫ್ರಿಜ್ಜಿನ ಬಾಗಿಲಲ್ಲಿ ನಾನು ಓಡಿ ಬಂದು ಮಂಡಿಯೂರಿದೆ. ಕೋಚ್ ಹಿಂದಕ್ಕೆ ತಿರುಗಿಸಿದರು, ನಾನು ಎದ್ದೆ. ಮುಂದಕ್ಕೆ ಬಿಟ್ಟರು, ಮತ್ತೆ ಮಂಡಿಯೂರಿದೆ. ಹೀಗೆ ನಾಲ್ಕೈದು ಸಲ ಮಾಡಿಸಿದರು. ಅಷ್ಟು ಸಣ್ಣ ಚಿತ್ರದಲ್ಲೂ ನನ್ನ ಮಂಡಿ ಗೆರೆಯ ಯಾವ ಕಡೆಗಿದೆ ಎಂದು ಕಾಣುತ್ತಿತ್ತು.

"ಹುಡುಗ ದಾಟಿದ್ದ," ಅಂದರು. "ಒಂದಿಂಚು ದಾಟಿದ್ದ."

"ಪೇಪರ್‌ನೋರಿಗೆ ಹೇಳ್ಬಿಡೋಣ ಕೋಚ್. ನಾನೇ ಹೇಳ್ತೀನಿ. ಊರೋರು ಉಗಿದ್ರೆ ಉಗೀಲಿ."

"ಹೇಳಿದ್ರೆ ಕಪ್ ವಾಪಸ್ ಬರುತ್ತಾ?"

"ಬರಲ್ಲ."

"ಮತ್ತೆ?" ದನಿ ಸಣ್ಣದಾಗಿತ್ತು. "ನಾಳೆ ನಲವತ್ತು ಹುಡುಗ್ರು ನನ್ನ ಮುಂದೆ ಕೂತ್ಕೋತಾರೆ. ಸರಪಳಿಯಿಂದ ಸೋತ್ವಿ ಅಂತ ಹೇಳಿದ್ರೆ, ಅವರು ಜೀವಮಾನ ಪೂರ್ತಿ ಸರಪಳಿ ಹುಡುಕ್ತಾನೇ ಇರ್ತಾರೆ. ಫೋರ್‌ಮನ್ ಸರಿಯಿಲ್ಲ, ಹೆಂಡ್ತಿ ಸರಿಯಿಲ್ಲ, ಹಣೆಬರಹ ಸರಿಯಿಲ್ಲ. ಕಾಲು ನಿಲ್ತು ಅಂತ ಹೇಳಿದ್ರೆ, ಕಾಲು ತಳ್ಳೋದು ಕಲೀತಾರೆ."

"ಚೆಟ್ ಗತಿ ಏನು ಕೋಚ್?"

"ಚೆಟ್ ಗಟ್ಟಿ ಹುಡುಗ. ತಡ್ಕೋತಾನೆ."

ಡ್ರಾಯರಿನಿಂದ ಕತ್ತರಿ ತೆಗೆದರು. ಎರಡು ಗೇಣು ಫಿಲ್ಮ್ ಕತ್ತರಿಸಿ, ಎರಡು ತುದಿಗಳನ್ನು ಅಂಟಿಸಿದರು. ಕತ್ತರಿಸಿದ ಚೂರನ್ನು ಒಲೆಯ ಮುಚ್ಚಳ ಎತ್ತಿ ಒಳಗೆ ಹಾಕಿದರು. ಬಾಗಿಲ ತನಕ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ನಿನಗೂ ಒಬ್ಬ ಮಗ ಇದ್ದಾನೆ ಲಿಯೋ. ಈ ಊರಲ್ಲೇ ಬೆಳೀಬೇಕು ಅವನು." ನನ್ನ ಮೈಮೇಲಿನ ಭಾರ ಇಳಿದ ಹಾಗಾಯಿತು. ಸುಳ್ಳು ಯಾಕೆ ಹೇಳಲಿ, ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದೆ.

ಸೋಮವಾರ ಕೋಚ್ ಶಾಲೆಯ ಮರಗೆಲಸದ ಕೋಣೆಯಲ್ಲಿ ಮೇಪಲ್ ಮರದ ಒಂದು ತುಂಡು ಕೊಯ್ದರು. ಉದ್ದ ಸರಿಯಾಗಿ ಮೂರು ಇಂಚು. ಉಜ್ಜಿ ನುಣುಪು ಮಾಡಿ ಹುಡುಗರ ಮುಂದೆ ಮೇಜಿನ ಮೇಲಿಟ್ಟರು. "ಚೆಟ್ ಗುಲಾನ ಕಾಲು ನಿಂತದ್ದು ಇಲ್ಲಿ," ಅಂದರಂತೆ. "ಇಷ್ಟು ದೂರ ಅವನು ತಳ್ಳಲಿಲ್ಲ." ಚೆಟ್ ಎದ್ದು ನಿಂತು, "ಹೌದು ಕೋಚ್, ನಿಂತ್ಬಿಡ್ತು," ಅಂದನಂತೆ. ಅವನಿಗೆ ಹಾಗೆ ಅನ್ನಿಸಿಬಿಟ್ಟಿತ್ತು. ಐದು ಜನರ ಕೆಳಗೆ ಸಿಕ್ಕಿಕೊಂಡವನಿಗೆ ಕಾಲು ನಿಂತಿತೋ ಓಡಿತೋ ಹೇಗೆ ಗೊತ್ತಾಗಬೇಕು? ಕೋಚ್ ಹೇಳಿದರೆ ಅದು ಹಾಗೇ ಇರಬೇಕು. ತುಂಡನ್ನು ಹುಡುಗರು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿನ ಮೇಲೆ ಮೊಳೆ ಹೊಡೆದು ಕೂರಿಸಿದರು. ಅಂದಿನಿಂದ ಇಂದಿನವರೆಗೂ ಮೈದಾನಕ್ಕೆ ಇಳಿಯುವ ಪ್ರತಿ ಹುಡುಗ ಎಗರಿ ಅದನ್ನು ಮುಟ್ಟಿ ಹೋಗುತ್ತಾನೆ.

ಪಾಠ ಫಲಿಸಿತು, ಇಲ್ಲವೆನ್ನಲಾರೆ. ಮುಂದಿನ ಹನ್ನೊಂದು ವರ್ಷದಲ್ಲಿ ನಮ್ಮವರು ಸೋತದ್ದು ಒಂಬತ್ತೇ ಆಟ. ಬೇರೆ ಊರಿನ ಕೋಚ್‌ಗಳು ಆ ತುಂಡನ್ನು ನೋಡಲು ಬರತೊಡಗಿದರು. ನಮ್ಮ ಕೋಚ್ ದೊಡ್ಡ ಸಭೆಗಳಲ್ಲಿ ಮೂರು ಇಂಚಿನ ಕಥೆ ಹೇಳುತ್ತಿದ್ದರು, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅರವತ್ತೊಂದರ ಆ ವಾರವೇ ಒಂದು ಕಾಲೇಜಿನವರು ತಮ್ಮ ತಂಡಕ್ಕೆ ಚೆಟ್‌ನನ್ನು ಕೇಳಿಕೊಂಡು ಬಂದಿದ್ದರು. ಹುಡುಗ ಕೊನೆಯ ಗಳಿಗೆಯಲ್ಲಿ ಹೇಗೆ ಎಂದು ಕೇಳಿದರು. ಸೋಮವಾರ ಎಲ್ಲರ ಮುಂದೆ ಹೇಳಿದ್ದನ್ನು ಕೋಚ್ ಮಂಗಳವಾರ ಹೇಗೆ ಬದಲಿಸಿಯಾರು? "ಮೂರಿಂಚು ಕಮ್ಮಿ," ಅಂದರು. ಕಾಲೇಜಿನವರು ಕೈಕುಲುಕಿ ಹೊರಟುಹೋದರು.

ಚೆಟ್ ಕಾರ್ಖಾನೆಗೆ ಸೇರಿದ, ಕಲ್ಲಿದ್ದಲು ಸುಟ್ಟು ಕೋಕ್ ಮಾಡುವ ಒಲೆಗಳ ಕೆಲಸಕ್ಕೆ ಹಾಕಿದರು. ಉಕ್ಕಿನವರಾದ ನಮಗೇ ಅಲ್ಲಿ ಹೋಗುವುದೆಂದರೆ ಆಗುತ್ತಿರಲಿಲ್ಲ. ಒಲೆಯ ಮೇಲೆ ನಡೆಯುವವರು ಬೂಟಿಗೆ ಮರದ ಅಟ್ಟೆ ಕಟ್ಟಿಕೊಳ್ಳಬೇಕು, ಅಷ್ಟು ಕಾವು. ಊರು ಅವನಿಗೆ ಮೂರಿಂಚು ಎಂದೇ ಹೆಸರಿಟ್ಟಿತು. ಸ್ಲೋವಾಕ್ ಕ್ಲಬ್ಬಿನಲ್ಲಿ ಬಿಯರ್ ಕೊಡುವ ಗಸ್ ಫಾಬ್ರಿಗೆ ಅದೊಂದು ದಿನನಿತ್ಯದ ಆಟ. ಸರಪಳಿಯ ಹಿಂದಿನ ಕೋಲು ಹಿಡಿಯುತ್ತಿದ್ದವನು ಈ ಗಸ್. ಅವನಿಗೂ ನಿಜ ಗೊತ್ತಿರಲಿಲ್ಲ.

"ಏನೋ ಮೂರಿಂಚು, ಗ್ಲಾಸ್ ಪೂರ್ತಿ ತುಂಬಿಸ್ಲಾ, ಇಲ್ಲಾ ಮೇಲೆ ಮೂರಿಂಚು ಬಿಡ್ಲಾ?"

"ತುಂಬ್ಸೋ ಮಾರಾಯ. ಕುಡಿಯೋವಾಗ ಕಾಲು ನಿಲ್ಲಲ್ಲ ನಂದು," ಅನ್ನುತ್ತಿದ್ದ ಚೆಟ್. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಪ್ರತಿ ಆಗಸ್ಟಿನಲ್ಲಿ ಅಭ್ಯಾಸ ಶುರುವಾಗುವ ದಿನ ಕೋಚ್ ಅವನನ್ನು ಕರೆಸುತ್ತಿದ್ದರು. ಪಾಳಿ ಮುಗಿಸಿ ಮಸಿ ಬಟ್ಟೆಯಲ್ಲೇ ಬಂದು ಹುಡುಗರ ಎದುರು ನಿಲ್ಲುತ್ತಿದ್ದ. ಕೋಚ್ ಕಥೆ ಹೇಳುತ್ತಿದ್ದರು, ಇವನು ತಲೆ ಆಡಿಸುತ್ತಿದ್ದ. ಅವನ ಹೆಂಡತಿ ಇರೀನ್‌ಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಒಂದು ಸಲ ನನ್ನೆದುರಿಗೇ ಜಗಳ ತೆಗೆದಳು.

"ಅವರು ನಿನ್ನ ಕರೆಯೋದು ಯಾಕೆ ಅಂತ ಗೊತ್ತಾ? ಹುಡುಗ್ರಿಗೆ ಹೆದರ್ಸೋಕೆ. ಹೊಲದಲ್ಲಿ ನಿಲ್ಲಿಸ್ತಾರಲ್ಲ ಬೆರ್ಚಪ್ಪ, ನೀನು ಅದು."

"ಕೋಚ್ ನನ್ನನ್ನ ಮರ್ತಿಲ್ಲ ಇರೀನ್," ಅಂದ ಚೆಟ್. "ನನ್ನ ಜೊತೆ ಆಡಿದೋರನ್ನೆಲ್ಲ ಮರ್ತಿದ್ದಾರೆ. ನನ್ನೊಬ್ಬನನ್ನ ಮರ್ತಿಲ್ಲ."

ಅವಳು ನನ್ನ ಕಡೆ ತಿರುಗಿ, "ಲಿಯೋ, ನೀವಾದ್ರೂ ಹೇಳಿ ಇವ್ನಿಗೆ," ಅಂದಳು. ನಾನು ತಟ್ಟೆ ನೋಡುತ್ತಾ ಪಿರೋಗಿ ಕಡುಬು ತಿಂದೆ.

ನನ್ನ ಮಗ ರೇ ಕೋಚ್ ಕೈಕೆಳಗೆ ಆಡಿದ. ಸಾಧಾರಣ ಆಟಗಾರ, ಅಪ್ಪನಾಗಿ ನಾನೇ ಹೇಳುತ್ತೇನೆ. ಅವನಿಗಿಂತ ಚುರುಕಾದವರು ನಾಲ್ಕು ಜನ ಇದ್ದರು. ಕೋಚ್ ಕಾಲೇಜಿಗೆ ಶಿಫಾರಸು ಕಾಗದ ಬರೆದದ್ದು ಮಾತ್ರ ರೇಗಾಗಿ. ಅವನು ಕಾಲೇಜು ಓದಿ ಈಗ ಈರಿ ಪಟ್ಟಣದಲ್ಲಿ ಹಲ್ಲಿನ ಡಾಕ್ಟರು. ನಾನು ಕೇಳಿರಲಿಲ್ಲ, ಅವರೂ ಯಾಕೆಂದು ಹೇಳಲಿಲ್ಲ. ಥ್ಯಾಂಕ್ಸ್ ಹೇಳಲು ಹೋದಾಗ, "ಹೇಗಿದ್ದೀಯ ಲಿಯೋ, ಮಂಡಿ ಹೇಗಿದೆ?" ಎಂದಷ್ಟೇ ಕೇಳಿದರು. ನನಗೆ ಮಂಡಿನೋವು ಯಾವತ್ತೂ ಇರಲಿಲ್ಲ.

ಚೆಟ್‌ನ ಮಗ ಗ್ಲೆನ್. ಸಣಕಲು ಹುಡುಗ, ಕ್ಲಾರಿನೆಟ್ ಊದುತ್ತಿದ್ದ. ಚೆಟ್ ಅದನ್ನು ಕಿತ್ತು ಅಟ್ಟಕ್ಕೆ ಹಾಕಿ ಅವನನ್ನು ತಂಡಕ್ಕೆ ಸೇರಿಸಿದ. ತಾನೇ ಒಂದು ಮೂರಿಂಚಿನ ತುಂಡು ಕೊಯ್ದು ಅಡಿಗೆಮನೆ ಬಾಗಿಲಿನ ಮೇಲೆ ಹೊಡೆದಿದ್ದ. ಊಟಕ್ಕೆ ಬರುವಾಗ ಹುಡುಗ ಎಗರಿ ಅದನ್ನು ಮುಟ್ಟಬೇಕು. ಮುಟ್ಟದಿದ್ದರೆ ಏಟು. ಊರಿನಲ್ಲಿ ಮಾತೇ ಎತ್ತದವನು ಮನೆಯಲ್ಲಿ ಹೀಗಾಗಿದ್ದ.

ಎಂಬತ್ತಮೂರರ ಅಕ್ಟೋಬರಿನಲ್ಲಿ ಒಂದು ಆಟ. ಗ್ಲೆನ್‌ನ ಮಂಡಿ ತಿರುಚಿಕೊಂಡು ಕುಂಟುತ್ತಾ ಹೊರಗೆ ಬಂದ. "ಕೂತ್ಕೋ, ಇವತ್ತಿಗೆ ಸಾಕು," ಎಂದು ಕೋಚ್ ಬೆಂಚಿಗೆ ಕಳಿಸಿದರು. ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ, ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸುತ್ತೇನೆ. ಅಷ್ಟರಲ್ಲಿ ಚೆಟ್ ಬೇಲಿಯ ಹತ್ತಿರ ಓಡಿ ಬಂದ.

"ಏಳೋ! ಕಾಲು ನಿಲ್ಲಿಸ್ಬೇಡ! ನನ್ ಥರ ಆಗ್ಬೇಡ್ವೋ!"

ಹುಡುಗ ಎದ್ದ. ಕೋಚ್ ಒಮ್ಮೆ ಅಪ್ಪನ ಮುಖ ನೋಡಿದರು, ಒಮ್ಮೆ ಸರಪಳಿ ಹಿಡಿದು ನಿಂತಿದ್ದ ನನ್ನ ಮುಖ ನೋಡಿದರು. ಆ ಗಳಿಗೆಯಲ್ಲಿ ಒಂದು ಮಾತು ಆಡಿದ್ದರೆ ಆಗುತ್ತಿತ್ತು, ಇಬ್ಬರಲ್ಲಿ ಯಾರಾದರೂ ಸರಿ. ಗ್ಲೆನ್ ಒಳಗೆ ಹೋದ. ಎರಡನೆಯ ಪ್ರಯತ್ನಕ್ಕೆ ಮಂಡಿ ಮುರಿಯಿತು. ಹತ್ತಡಿ ದೂರದಲ್ಲಿದ್ದ ನನಗೆ ಆ ಸದ್ದು ಕೇಳಿಸಿತು. ಮೂರು ಆಪರೇಷನ್ ಆದರೂ ಕಾಲು ನೆಟ್ಟಗಾಗಲಿಲ್ಲ. ಗ್ಲೆನ್ ನದಿಯ ಆಚೆ ದಡದಲ್ಲಿ ಮನೆ ಮಾಡಿ ರೇಡಿಯೋ ಟೀವಿ ರಿಪೇರಿ ಮಾಡಿಕೊಂಡಿದ್ದ. ಅಪ್ಪನ ಜೊತೆ ಮಾತು ಬಿಟ್ಟ.

ಎರಡು ಸಾವಿರದ ನಾಲ್ಕರಲ್ಲಿ ಮೈದಾನಕ್ಕೆ ಕೋಚ್ ಹೆಸರಿಡುವುದೆಂದು ತೀರ್ಮಾನವಾಯಿತು. ಅವರಿಗೆ ಆಗ ಎಪ್ಪತ್ತೊಂಬತ್ತು, ಗಾಲಿಕುರ್ಚಿ, ಮೂಗಿಗೆ ಆಕ್ಸಿಜನ್ ನಳಿಗೆ. ಸಮಾರಂಭ ಶನಿವಾರ. ಬುಧವಾರ ಬೆಳಿಗ್ಗೆ ಚೆಟ್ ನನ್ನನ್ನು ಗ್ಯಾರೇಜಿಗೆ ಕರೆದ. ಅರವತ್ತು ವರ್ಷದವನ ಮುಖ ಮದುಮಗನ ಹಾಗಿತ್ತು.

"ಕೋಚ್ ತಾವೇ ಫೋನ್ ಮಾಡಿದ್ರು ಕಣೋ ಲಿಯೋ. ಶನಿವಾರ ಆ ಕಥೇನ ನಾನೇ ಹೇಳ್ಬೇಕಂತೆ. ಇಷ್ಟು ವರ್ಷ ಅವರು ಹೇಳ್ತಿದ್ರು, ಈಗ ನನ್ನ ಬಾಯಲ್ಲೇ ಬರ್ಬೇಕಂತೆ. ಗ್ಲೆನ್‌ಗೂ ಕಾಗದ ಹಾಕಿದೀನಿ. ಬರ್ತೀನಿ ಅಂದಿದಾನೆ!"

ಒಂದು ಕಾಗದ ಹಿಡಿದು ಓದತೊಡಗಿದ. ನನ್ನ ಕಾಲು ನಿಂತಿತು, ಆದರೆ ಆ ಮೂರು ಇಂಚು ನನಗೆ ಬದುಕು ಕಲಿಸಿತು, ಹೀಗೇ ಏನೋ. ನನಗೆ ತಡೆಯಲಾಗಲಿಲ್ಲ. ನಲವತ್ತಮೂರು ವರ್ಷ ತಡೆದವನಿಗೆ ಆ ಅರ್ಧ ಕಾಗದ ತಡೆಯಲಾಗಲಿಲ್ಲ. ಅವನು ಎಲ್ಲರ ಮುಂದೆ ನಿಂತು, ಮಾಡದ ತಪ್ಪನ್ನು ಒಪ್ಪಿಕೊಂಡು ಹೆಮ್ಮೆಪಡುತ್ತಾನೆ, ನಾನು ಕೆಳಗೆ ಕೂತು ಕೇಳಬೇಕು.

"ನಿನ್ನ ಕಾಲು ನಿಲ್ಲಲಿಲ್ಲ ಚೆಟ್," ಅಂದೆ. "ನೀನು ದಾಟಿದ್ದೆ. ಕ್ಲಿಪ್ಪನ್ನ ನಾನು ತಪ್ಪು ಅಂಚಿಗೆ ಇಟ್ಟೆ."

ಅವನು ಕನ್ನಡಕ ತೆಗೆದ. ನಾನು ಎಲ್ಲ ಹೇಳಿದೆ. ಮಂಡಿಯ ಗುರುತು, ಫ್ರಿಜ್ಜಿನ ಬಾಗಿಲು, ಕತ್ತರಿ.

"ಕೋಚ್‌ಗೆ ಯಾವಾಗ ಗೊತ್ತಾಯ್ತು?"

"ಮಾರನೇ ದಿನ ಬೆಳಿಗ್ಗೆ. ನಾನು ಹೋಗೋ ಮುಂಚೇನೇ ನೋಡಿದ್ರು."

"ಸೋಮವಾರಕ್ಕೆ ಮುಂಚೆ."

"ಹೂಂ. ಮುಂಚೆ."

ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ಒಳ್ಳೆಯದಿತ್ತು. "ಮನೆಗೆ ಹೋಗು ಲಿಯೋ," ಅಂದ ಅಷ್ಟೇ.

ಶನಿವಾರ ಊರಿಗೆ ಊರೇ ಬಂದಿತ್ತು. ಗ್ಲೆನ್ ಎರಡನೆಯ ಸಾಲಿನಲ್ಲಿ ಕಾಲು ಚಾಚಿಕೊಂಡು ಕೂತಿದ್ದ. ಚೆಟ್ ಮೈಕಿನ ಮುಂದೆ ಬಂದ. ಇವತ್ತು ಬಯಲಾಗುತ್ತದೆ, ಆಗಲಿ, ನನ್ನನ್ನೂ ಎಳೆದು ಹಾಕಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ಜೇಬಿನಿಂದ ಕಾಗದ ತೆಗೆದು ಮಡಿಕೆ ಬಿಡಿಸಿದ. ಬುಧವಾರ ನನ್ನೆದುರು ಓದಿದ್ದನ್ನೇ ಓದಿದ. ಒಂದಕ್ಷರ ಬದಲಾಗಲಿಲ್ಲ. ನನ್ನ ಕಾಲು ನಿಂತಿತು ಎನ್ನುವಾಗ ದನಿಯೂ ನಡುಗಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ಬಾಗಿ ಕೋಚ್ ಕೈಕುಲುಕಿದ, ಅವರ ಮುಖ ನೋಡಲಿಲ್ಲ.

ಆಮೇಲೆ ಕೋಚ್ ನನ್ನನ್ನು ಹತ್ತಿರ ಕರೆದರು. ಬಾಗಿದರೆ ಮಾತ್ರ ಕೇಳುವಷ್ಟು ಸಣ್ಣ ದನಿ. ಈಗ ಅದು ಸಿಟ್ಟಿನಿಂದಲೋ ಕಾಯಿಲೆಯಿಂದಲೋ ಹೇಳಲಾಗುತ್ತಿರಲಿಲ್ಲ.

"ಅವನಿಗೆ ಹೇಳಿದ್ಯಾ?"

"ಹೇಳಿದೆ."

"ಕೈ ಹಿಡಿದಾಗ ಗೊತ್ತಾಯ್ತು." ಸ್ವಲ್ಪ ಹೊತ್ತು ಉಸಿರೆಳೆದುಕೊಂಡರು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಹೆಮ್ಮೆ ಇತ್ತು. "ಗೊತ್ತಿದ್ದೂ ಹಾಗೇ ಹೇಳ್ದ ನೋಡಿದ್ಯಾ? ತಪ್ಪನ್ನ ಸರಪಳಿ ಮೇಲೆ ಹಾಕ್ಲಿಲ್ಲ. ಅದೇ ಲಿಯೋ, ನಾನು ಕಲ್ಸಿದ್ದು ಅದೇ."

ಆ ಮನುಷ್ಯನ ಮೇಲೆ ನನಗಿದ್ದ ಪ್ರೀತಿ ಸತ್ತದ್ದು ಆ ಗಳಿಗೆಯಲ್ಲಿ. ಚೆಟ್ ನುಂಗಿಕೊಂಡದ್ದನ್ನೂ ಅವರು ತಮ್ಮ ಗೆಲುವಿಗೆ ಸೇರಿಸಿಕೊಂಡರು.

ಕಾರು ನಿಲ್ಲಿಸುವ ಜಾಗದಲ್ಲಿ ಚೆಟ್‌ನನ್ನು ಹಿಡಿದೆ. "ಯಾಕೋ? ಯಾಕೆ ಹಾಗೆ ಹೇಳ್ದೆ?"

"ಗ್ಲೆನ್ ಎರಡನೇ ಸಾಲಲ್ಲಿ ಕೂತಿದ್ದ," ಅಂದ. "ಅವನ ಮಂಡಿ ಹೋಗಿದ್ದು ನನ್ನ ಮೂರಿಂಚಿಗೆ ಅಂತ ಇಪ್ಪತ್ತು ವರ್ಷದಿಂದ ನಂಬಿದಾನೆ. ಅಲ್ಲಪ್ಪ, ಲಿಯೋ ಅಂಕಲ್ ಕ್ಲಿಪ್ಪಿಗೆ ಹೋಯ್ತು ಅಂತ ಹೇಳ್ಲಾ? ಏನಕ್ಕೂ ಹೋಗ್ಲಿಲ್ಲ, ಸುಮ್ನೆ ಹೋಯ್ತು ಅಂತ ಹೇಳ್ಲಾ? ನಾನು ಅವನಿಗೆ ಹೊಡೆದ ಏಟೆಲ್ಲ ಎಲ್ಲಿ ಇಡ್ಲಿ?"

ಅವನು ಜೇಬಿನಿಂದ ಕಾರಿನ ಬೀಗದ ಕೈ ತೆಗೆದ.

"ನನಗೆ ಹದಿನೇಳು ಆಗಿದ್ದಾಗ ಹೇಳ್ಬೇಕಿತ್ತು ನೀನು. ಇಲ್ಲಾ ಸಾಯೋ ತನಕ ಹೇಳ್ಬಾರದಿತ್ತು. ಬುಧವಾರ ಯಾಕೆ ಹೇಳ್ದೆ ಗೊತ್ತಾ? ನಿನಗೆ ಹಗುರ ಆಗ್ಲಿ ಅಂತ." ಕಾರಿನ ಬಾಗಿಲು ತೆಗೆದ. "ಗ್ಲೆನ್ ಕಿವಿಗೆ ಬಿತ್ತೋ, ನೋಡ್ಕೋ."

ಆಮೇಲೆ ಏಳು ವರ್ಷ ಅವನು ನನ್ನ ಜೊತೆ ಮಾತಾಡಲಿಲ್ಲ. ಕ್ಲಬ್ಬಿನಲ್ಲಿ ನಾನು ಬಂದರೆ ಎದ್ದು ಹೋಗುತ್ತಿದ್ದ. ಕೋಚ್ ಆ ಚಳಿಗಾಲದಲ್ಲೇ ತೀರಿಕೊಂಡರು. ಚೆಟ್ ಹೋದದ್ದು ಎರಡು ಸಾವಿರದ ಹನ್ನೊಂದರಲ್ಲಿ, ಕೋಕ್ ಒಲೆಯವರೆಲ್ಲ ಹೋಗುವ ಹಾಗೆ, ಶ್ವಾಸಕೋಶ ಕೆಟ್ಟು. ಸಮಾರಂಭದ ಮೇಲೆ ಗ್ಲೆನ್ ಮಾತ್ರ ಅಪ್ಪನ ಮನೆಗೆ ಭಾನುವಾರ ಬರತೊಡಗಿದ್ದನಂತೆ. ಅದೊಂದು ದಕ್ಕಿತು ಅವನಿಗೆ.

ದೇಹವನ್ನು ದರ್ಶನಕ್ಕೆ ಇಟ್ಟ ದಿನ ಶಾಲೆಯವರು ಬಾಗಿಲಿನ ಮೇಲಿನ ತುಂಡನ್ನು ಬಿಚ್ಚಿ ತಂದು ಶವಪೆಟ್ಟಿಗೆಯ ಪಕ್ಕ ಒಂದು ಸ್ಟೂಲಿನ ಮೇಲಿಟ್ಟಿದ್ದರು. ಐವತ್ತು ವರ್ಷ ಹುಡುಗರ ಕೈ ಬಿದ್ದು ಕಪ್ಪಗೆ ಹೊಳೆಯುತ್ತಿತ್ತು. ತಂಡದ ಹುಡುಗರು ಸಾಲಾಗಿ ಬಂದು ಅದನ್ನು ಮುಟ್ಟಿ ಹೋದರು. ಇರೀನ್ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಗ್ಲೆನ್ ಕುಂಟುತ್ತಾ ನನ್ನ ಪಕ್ಕ ಬಂದು ನಿಂತ.

"ಲಿಯೋ ಅಂಕಲ್, ಅವತ್ತು ಸರಪಳಿ ಹಿಡಿದಿದ್ದು ನೀವೇ ಅಲ್ವಾ?"

"ಹೌದಪ್ಪ."

"ಅಪ್ಪ ಕೊನೇಲಿ ಏನೇನೋ ಬಡಬಡಿಸ್ತಿದ್ರು. ದಾಟಿದ್ದೆ, ದಾಟಿದ್ದೆ ಅಂತಿದ್ರು." ಅವನ ಕಣ್ಣು ನನ್ನ ಮೇಲಿತ್ತು, ಅಪ್ಪನದೇ ಕಣ್ಣು. "ನಿಜವಾಗ್ಲೂ ಮೂರಿಂಚು ಕಮ್ಮಿ ಇತ್ತಾ?"

ನಿಜ ಹೇಳುವುದಕ್ಕೆ ನನ್ನ ಮುಂದೆ ಬಾಗಿಲು ತೆರೆದಿಟ್ಟ ಹಾಗಿತ್ತು. ಪೆಟ್ಟಿಗೆಯಲ್ಲಿ ಮಲಗಿದ್ದ ಚೆಟ್‌ನನ್ನು ನೋಡಿದೆ. ಒಳ್ಳೆಯ ಸೂಟು ಹಾಕಿದ್ದರು, ಸಮಾರಂಭಕ್ಕೆ ಹಾಕಿದ್ದದ್ದೇ.

"ಇತ್ತಪ್ಪ," ಅಂದೆ. "ನಾನೇ ಅಳೆದದ್ದಲ್ವಾ? ಮೂರಿಂಚು ಕಮ್ಮಿ ಇತ್ತು."

ಅವನು ತಲೆಯಾಡಿಸಿದ. ಸ್ಟೂಲಿನ ಹತ್ತಿರ ಹೋಗಿ ಆ ತುಂಡನ್ನು ಎರಡು ಬೆರಳಿನಿಂದ ಮುಟ್ಟಿ, ಕಾಲೆಳೆಯುತ್ತಾ ಹೋಗಿ ಅಮ್ಮನ ಪಕ್ಕ ಕೂತ.